ಹುಳದ ಔಷಧಿಯ ಎರಡನೇ ಸಾಲು

ಕಳೆದ ಭಾನುವಾರ ಬೆಳಿಗ್ಗೆ ಒಂದು ಬಾಟಲಿಯ ಲೇಬಲ್ ಓದಿದೆ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಕುರಿ ಸತ್ತಿದ್ದವು.

ಈ ಅಂಕಣದಲ್ಲಿ ಪ್ರತಿ ವಾರ ಯಾರನ್ನಾದರೂ ಬೈಯುತ್ತೀರಿ ಎಂದು ಓದುಗರಾದ ನಿಮ್ಮ ದೂರು. ಬಸ್ ಕಂಡಕ್ಟರ್ ಆಯಿತು, ನಲ್ಲಿ ನೀರು ಬಿಡುವವನಾಯಿತು. ಈ ವಾರ ಸರದಿ ನನ್ನದು.

ಧರ್ಮಪುರದಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು (ಇದನ್ನು ನೆನಪಿಡಿ). ಹಿಂದಿನ ಬೀದಿಯ ಈರಮ್ಮನಿಗೆ ಗಂಡನಿಲ್ಲ. ಒಂದು ತುಂಡು ಶೇಂಗಾ ಹೊಲ, ಒಂದು ಹಿಂಡು ಕುರಿ. ಆ ಕುರಿಗಳೇ ಅವಳ ಬದುಕು.

ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದರೆ ಕುರಿಗಳು ಮುಗಿಬಿದ್ದು ಮೇಯುತ್ತವೆ, ಹೊಟ್ಟೆಯಲ್ಲಿ ಹುಳ ಆಗುತ್ತದೆ. ಅದಕ್ಕೇ ಹುಲ್ಲಿಗೆ ಬಿಡುವ ಮೊದಲು ಬಿದಿರಿನ ಗೊಟ್ಟದಲ್ಲಿ ಔಷಧಿ ಕುಡಿಸುತ್ತಾರೆ. ಇಷ್ಟು ವರ್ಷ ಬೇವಿನ ಕಷಾಯ ಸಾಕಾಗಿತ್ತು. ಈ ಸಲ ಇಂಗ್ಲಿಷ್ ಔಷಧಿ ತಾ ಎಂದು ಈರಮ್ಮ ಹಿರಿಯೂರಿಗೆ ಹೊರಟ ತಮ್ಮನಿಗೆ ಹೇಳಿದಳು. ಅವನು ಬೀಜ, ಗೊಬ್ಬರದ ಅಂಗಡಿಯಲ್ಲಿ 'ಹುಳದ ಔಷಧಿ' ಕೇಳಿದ. ಕೊಟ್ಟರು.

ಕುರಿಯ ಹೊಟ್ಟೆಯಲ್ಲಿರುವುದೂ ಹುಳ, ಶೇಂಗಾ ಎಲೆ ತಿನ್ನುವುದೂ ಹುಳ. ಎರಡಕ್ಕೂ ನಾವು ಹಾಕುವುದು ಔಷಧಿಯೇ. ಅಂಗಡಿಯವನು ಯಾವುದೆಂದು ತಿಳಿದಾನು?

ಅನುಮಾನ ಬಂದದ್ದು ಈರಮ್ಮನಿಗೆ ಮಾತ್ರ. ನಾನು ಬಸ್ಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಟಲಿ ಹಿಡಿದು ಬಂದಳು.

"ಮೇಷ್ಟ್ರೇ, ಕುರಿಗೆ ಕುಡಿಸಾಕೆ ತರ್ಸಿದೀನಿ. ಇದು ಹುಳದ್ದೇನಾ, ಓದಿ ಹೇಳ್ರಿ. ವಾಸ್ನೆ ಯಾಕೋ ಬ್ಯಾರೆ ಐತೆ."

ಮೊದಲ ಸಾಲು ದಪ್ಪ ಇಂಗ್ಲಿಷಿನಲ್ಲಿತ್ತು. ಹುಳುಗಳನ್ನು ಖಂಡಿತ ಕೊಲ್ಲುತ್ತದೆ ಎಂದು. ಎರಡನೆಯದು ಸಣ್ಣಕ್ಷರ. ಕನ್ನಡಕ ಅಂಗಿ ಜೇಬಿನಲ್ಲೇ ಇತ್ತು. ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಹುಳದ್ದೇ ಕಣಮ್ಮ."

"ವಾಸ್ನೆ..."

"ಔಷಧಿ ಅಂದ್ಮೇಲೆ ವಾಸನೆ ಇರಲ್ವಾ? ಮಲ್ಲಿಗೆ ಹೂವೇನಮ್ಮ ಅದು?"

ನನ್ನ ಜೋಕಿಗೆ ನಾನೇ ನಕ್ಕೆ.

"ನೀವ್ ಹೇಳಿದ್ ಮ್ಯಾಲೆ ಮುಗೀತು ಬಿಡ್ರಿ," ಎಂದು ಹೋದಳು.

ಅಷ್ಟು ಅವಸರದಲ್ಲಿ ಹಿರಿಯೂರಿಗೆ ಹೋಗಿ ಕಡಿದು ಕಟ್ಟೆ ಹಾಕಿದ್ದೇನು? ಕಟಿಂಗ್ ಮಾಡಿಸಿಕೊಂಡು ಬಂದೆ.

ಸಂಜೆ ಈರಮ್ಮನ ಮನೆ ಮುಂದೆ ಜನ ಸೇರಿತ್ತು. ಮರಿ ಹಾಕಿದ ಕುರಿಗಳನ್ನೇ ಅವಳು ಮೊದಲು ಹಿಡಿದಿದ್ದಳಂತೆ. ಹನ್ನೊಂದನೆಯದಕ್ಕೆ ಕುಡಿಸಿ ಗೊಟ್ಟ ತೆಗೆಯುವಾಗ ಮೊದಲನೆಯದು ನೊರೆ ಕಾರಿ ಬಿತ್ತಂತೆ. ದನದ ಡಾಕ್ಟರಿಗೆ ಹೇಳಿಕಳಿಸುವಷ್ಟರಲ್ಲಿ ಹನ್ನೊಂದೂ ಕಾಲು ಚಾಚಿದ್ದವು. ಕೊಯ್ದು ಹಂಚಿಕೊಳ್ಳೋಣ ಎಂದವರನ್ನು ಬೈದು ಅಟ್ಟಿದಳಂತೆ. ನೊರೆ ನೆಕ್ಕೀತು ಎಂದು ನಾಯಿಯನ್ನೂ ಕಟ್ಟಿಹಾಕಿದ್ದಳು. ಅಷ್ಟು ಸಂಕಟದಲ್ಲೂ ಅವಳ ಬುದ್ಧಿ ಸರಿಯಾಗಿಯೇ ಇತ್ತು.

ಕವುಚಿಟ್ಟ ಬುಟ್ಟಿಗಳ ಕೆಳಗೆ ಮರಿಗಳು ಹಾಲಿಗೆ ಅರಚುತ್ತಿದ್ದವು. ಇದನ್ನು ಬರೆಯುವಾಗಲೂ ಹಿಂದಿನ ಬೀದಿಯಿಂದ ಕೇಳುತ್ತಿದೆ.

ಬಾಟಲಿ ಕೈಗೆ ತೆಗೆದುಕೊಂಡೆ. ಈಗ ಕನ್ನಡಕ ಹಾಕಿದೆ (ಪುಣ್ಯಾತ್ಮ). ಎರಡನೇ ಸಾಲು ಹೀಗಿತ್ತು: ಬೆಳೆಗಳಿಗೆ ಮಾತ್ರ. ದನಕರುಗಳಿಂದ ದೂರವಿಡಿ.

ತಮ್ಮ ಕೇಳಿದ, "ಮೇಷ್ಟ್ರಿಗೆ ತೋರ್ಸಿದ್ಯಲ್ಲಕ್ಕ, ಏನಂದ್ರು?"

ಎಲ್ಲರೂ ನನ್ನ ಕಡೆ ತಿರುಗಿದರು. ಬಾಯಿ ತೆರೆಯುವಷ್ಟರಲ್ಲಿ ಈರಮ್ಮ ಅಂದಳು:

"ಅವ್ರು ಸರಿಯಾಗೇ ಹೇಳಿದ್ರು ಕಣಪ್ಪ. ನಾನೇ ಜಾಸ್ತಿ ಕುಡಿಸ್ದೆ ಅಂತ ಕಾಣ್ತೈತೆ. ಓದಾಕ್ ಬರ್ದಿದ್ ಮುಂಡೇದು ನಾನು."

ನಿಜವಾಗಿ ಹಾಗೆ ನಂಬಿದ್ದಳೋ, ನನ್ನ ಮಾನ ಕಾಯ್ದಳೋ? ಕೇಳುವ ಧೈರ್ಯ ನನಗಿಲ್ಲ. ಆಗ ನಾನು ಮಾಡಿದ್ದು ಇಷ್ಟೇ, ಹೌದೆಂಬಂತೆ ತಲೆಯಾಡಿಸಿದೆ. ಹತ್ತು ಜನರ ಮುಂದೆ.

ಅವಳ ಮನೆಗೂ ನನ್ನ ಮನೆಗೂ ಮೂವತ್ತು ಹೆಜ್ಜೆ. ಐದು ದಿನದಿಂದ ಆ ಬೀದಿ ಬಿಟ್ಟು ಸುತ್ತುಹಾಕಿ ಸ್ಕೂಲಿಗೆ ಹೋಗುತ್ತಿದ್ದೇನೆ. ಇಂದು ತಪ್ಪು ನನ್ನದೇ ಎಂದು ಪೇಪರಿನಲ್ಲಿ ಒಪ್ಪಿಕೊಂಡಿದ್ದೇನೆ. ನೀವು ಓದಿ ಮೆಚ್ಚಿಕೊಳ್ಳಲೂಬಹುದು.

ಈರಮ್ಮನಿಗೆ ಓದು ಬಾರದು ಎಂದು ಗೊತ್ತಿದ್ದೇ ಇಲ್ಲಿ ಬರೆದೆ, ಅಲ್ಲವೇ?