ಒಂದೇ ಉಸಿರಿನ ಭಜ್ಜಿ

ಮೊದಲ ವರ್ಷವಿಡೀ ನಾನು ಕಂಡದ್ದು ಅವರ ಹಣೆಯನ್ನು ಮಾತ್ರ. ಅಗಲವಾದ, ಗೆರೆ ಬಿದ್ದ ಹಣೆ. ಅದರ ಮೇಲೆ ಬೆಳಿಗ್ಗೆ ಹಚ್ಚಿಕೊಂಡ ವಿಭೂತಿಯ ಮಾಸಿದ ಗುರುತು, ಎಡ ಹುಬ್ಬಿನ ಮೇಲೆ ಉದ್ದಿನ ಕಾಳಿನಷ್ಟು ಒಂದು ಮಚ್ಚೆ, ಕೆಳಗೆ ಕನ್ನಡಕದ ಮೇಲಂಚು. ಅಲ್ಲಿಗೆ ಪರದೆ ಮುಗಿಯುತ್ತಿತ್ತು. ರೋಗಿಯ ಮಾತು ಕೇಳಲು ಅವರು ಎಷ್ಟು ಮುಂದೆ ಬಗ್ಗುತ್ತಿದ್ದರೆಂದರೆ, ಕ್ಯಾಮೆರಾಕ್ಕೆ ಹಣೆ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. ಸ್ವಲ್ಪ ಹಿಂದೆ ಸರಿದು ಕೂಡಲು ಎಷ್ಟು ಸಲ ಹೇಳಿದರೂ ಅಷ್ಟೇ. "ಮಂದಿ ನನ್ನ ನೋಡಾಕ ಬಂದಾರೇನು? ನಾ ಅವರನ್ನ ನೋಡಾಕ ಕುಂತೇನಿ" ಎನ್ನುತ್ತಿದ್ದರು.

ನಾನು ಆಳಂದ ತಾಲ್ಲೂಕಿನ ಮಟಕಿಯ ಆರೋಗ್ಯ ಉಪಕೇಂದ್ರದಲ್ಲಿ ನರ್ಸ್. ಊರವರ ಬಾಯಲ್ಲಿ ನರ್ಸಬಾಯಿ. ಅವರು ಕಲಬುರಗಿಯ ಒಂದು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಯವರನ್ನು ಇಂಟರ್ನೆಟ್ಟಿನಲ್ಲಿ ನೋಡುತ್ತಿದ್ದ ಡಾಕ್ಟರು. ಜೇವರ್ಗಿ ತಾಲ್ಲೂಕಿನ ರೈತಾಪಿ ಮನೆಯಲ್ಲಿ ಹುಟ್ಟಿದವರು, ಸರ್ಕಾರಿ ದವಾಖಾನೆಗಳಲ್ಲಿ ಜೀವಮಾನವೆಲ್ಲ ದುಡಿದು ನಿವೃತ್ತರಾದವರು. ನಾನು ಬಿಪಿ, ಸಕ್ಕರೆ ನೋಡಿ, ಟ್ಯಾಬನ್ನು ರೋಗಿಯ ಮುಂದೆ ಹಿಡಿಯಬೇಕು. ಅವರು ಅಲ್ಲಿಂದ ಕೇಳಿ, ನೋಡಿ, ಗುಳಿಗೆ ಹೇಳಬೇಕು. ಊರವರು ಅವರಿಗೆ ಹಣಿ ಸಾಹೇಬ್ರು ಎಂದು ಹೆಸರಿಟ್ಟರು. ಸಾಹೇಬರಿಗೆ ಮೀಸೆ ಇದೆಯೋ ಇಲ್ಲವೋ ಎಂಬುದು ನಮ್ಮ ಕೇಂದ್ರದ ಕಟ್ಟೆಯ ಮೇಲೆ ದಿನಾ ನಡೆಯುವ ಚರ್ಚೆ. ಎದುರು ಮನೆಯ ಹಿರಿಯ ಗೌಡ್ತಿಯವರದು ಕಡ್ಡಿ ಮುರಿದಂಥ ಮಾತು: "ಅಂಥಾ ದನಿಗಿ ಮೀಸಿ ಇಲ್ಲಂದ್ರ ಹ್ಯಾಂಗ ಆಗ್ತದ? ಇರಲೇಬೇಕು."

ಆದರೆ ಮೀಸೆಗಿಂತ ದೊಡ್ಡ ತೊಡಕು ಬೇರೆ ಇತ್ತು. ನಮ್ಮ ಕಡೆ ಯಾರು ಯಾರಿಗೆ ಸಿಕ್ಕರೂ ಮೊದಲು "ಆರಾಮ ಅದೀರಿ?" ಎಂದು ಕೇಳುತ್ತಾರೆ. "ಆರಾಮ" ಎಂದೇ ಉತ್ತರ ಕೊಡಬೇಕು. ಜ್ವರ ಸುಡುತ್ತಿದ್ದರೂ ಹಾಗೆಯೇ ಹೇಳಬೇಕು. ದೊಡ್ಡ ಮನುಷ್ಯರು ಕೇಳಿದಾಗಲಂತೂ ನಮ್ಮ ದುಃಖ ತೆಗೆದು ಅವರ ಮುಂದೆ ಸುರಿಯುವುದು ಸಭ್ಯತೆಯಲ್ಲ. ಹೀಗಾಗಿ ಬಿಸಿಲಲ್ಲಿ ನಡೆದು ಬಂದು, ಸಾಲಿನಲ್ಲಿ ಕಾದು ಕೂತ ರೋಗಿಗಳು, ಪರದೆಯ ಮೇಲೆ ಹಣೆ ಕಂಡ ಕೂಡಲೇ ಸೆರಗು ಸರಿಪಡಿಸಿಕೊಂಡು, ಟೊಪ್ಪಿಗೆ ನೆಟ್ಟಗೆ ಮಾಡಿಕೊಂಡು, "ಆರಾಮ ಅದೇವ್ರಿ, ನೀವು ಆರಾಮ ಅದೀರಿ?" ಎಂದುಬಿಡುತ್ತಿದ್ದರು. ನನಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಕಡಗಂಚಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ನನ್ನ ಅಪ್ಪ, ನಾನು ನರ್ಸಿಂಗ್ ಓದುವಾಗ, ಎದೆನೋವು ಇಟ್ಟುಕೊಂಡೇ ಫೋನಿನಲ್ಲಿ "ಆರಾಮ ಅದೇನವ್ವ, ನೀ ಓದಿಕೋ" ಎಂದಿದ್ದರು. ಅದೇ ವಾರ ತೀರಿಕೊಂಡರು. ಮಟಕಿಯಲ್ಲಿ ಯಾರೂ ಹಾಗೆ ಹೋಗಬಾರದು ಎಂಬ ಹಟ ನನ್ನದು. ಎದುರಿಗೆ ಕೂತವರ ಬಾಯಿಂದ ನಿಜ ಹೊರಡಿಸುವ ದಾರಿ ಮಾತ್ರ ಗೊತ್ತಿರಲಿಲ್ಲ.

ಅದನ್ನು ತೋರಿಸಿಕೊಟ್ಟವರು ಡಾಕ್ಟರು.

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮಲ್ಲಿ ಅದು ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವ ಹಬ್ಬ. ಬೆಳೆಗೆ ಚರಗ ಚೆಲ್ಲಿ, ಅಂದರೆ ಅಡುಗೆಯ ನೈವೇದ್ಯವನ್ನು ಹೊಲದ ತುಂಬ ಎರಚಿ, ಗಿಡದ ನೆರಳಿನಲ್ಲಿ ಕೂತು, ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುವುದು. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಆ ಹೊತ್ತಿಗೆ ಹೊಲದಲ್ಲಿ ಸಿಗುವ ಹಸಿ ಕಾಳು, ಸೊಪ್ಪು, ತರಕಾರಿಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಬೇಯಿಸಿದ್ದು. ಅದರ ಬಗ್ಗೆ ಮಾತು ತೆಗೆದರೆ ಸಾಕು, ನಮ್ಮ ಹೆಂಗಸರು ಹೊತ್ತು ಮುಳುಗಿಸುತ್ತಾರೆ.

ಒಂದು ಮುಂಜಾನೆ ಸೊಸೆ ಹಿರಿಯ ಗೌಡ್ತಿಯನ್ನು ಎಳೆದುಕೊಂಡೇ ಬಂದಳು. ಗೌಡ್ತಿಯವರು ಪರದೆಗೆ ಕೈಮುಗಿದು, "ಆರಾಮ ಅದೇನ್ರಿ ಸಾಹೇಬ್ರ. ಈಕಿದ ಕಾಟ, ಅದಕ್ಕ ಬಂದೆ" ಎಂದರು. ನಾನು ಬಾಯಿ ಹಾಕುವಷ್ಟರಲ್ಲಿ ಡಾಕ್ಟರು ನಕ್ಕರು.

"ಛಲೋ ಆತ್ರಿ ಅವ್ವಾರ. ಎಳ್ಳಮಾಸಿ ಬಂತಲ್ಲ, ನಿಮ್ಮ ಮನ್ಯಾಗ ಭಜ್ಜಿಗಿ ಏನೇನ ಹಾಕ್ತೀರಿ? ಒಂದೂ ಬಿಡದಂಗ ಹೇಳ್ರಿ."

ಗೌಡ್ತಿಯ ಮುಖ ಅರಳಿತು. "ಹಸಿ ಕಡ್ಲಿ, ಹಸಿ ತೊಗರಿ, ಅವರಿಕಾಳು..." ಎಂದವರು ನಿಂತರು. ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆವ ಮಾಡಿ ಉಸಿರು ಎಳೆದುಕೊಂಡರು. "ಮೆಂತೆ ಪಲ್ಯ, ಗಜ್ಜರಿ..." ಮತ್ತೆ ನಿಂತರು.

ಪರದೆಯ ಮೇಲಿನ ಗೆರೆಗಳು ಆಳವಾದವು. ದನಿ ಮಾತ್ರ ಹಗುರವಾಗಿಯೇ ಇತ್ತು. "ಹೋದ ವರ್ಷ ಹೊಲಕ್ಕ ಹ್ಯಾಂಗ ಹೋಗಿದ್ರಿ?"

"ನಡಕೋತ ಹೋಗಿದ್ನಲ್ರಿ! ತಲಿ ಮ್ಯಾಲ ಬುತ್ತಿ ಹೊತ್ಕೊಂಡು."

"ಈ ವರ್ಷ?"

"ಮಗ ಟ್ರ್ಯಾಕ್ಟರ್ ತರ್ತೇನಿ ಅಂದಾನ್ರಿ."

"ರಾತ್ರಿ ನಿದ್ದಿ?"

ಸೊಸೆ ಹಿಂದಿನಿಂದ, "ಮಲಗೂದೇ ಇಲ್ರಿ ಸಾಹೇಬ್ರ. ಗ್ವಾಡಿಗಿ ಆತು ಕೂಡ್ತಾರ" ಎಂದಳು. ಅತ್ತೆಯ ಕಣ್ಣು ಅವಳನ್ನು ಅಲ್ಲೇ ಸುಡುವಂತೆ ನೋಡಿತು.

"ತಂಗಿ, ಕಾಲ ಒತ್ತಿ ನೋಡು" ಎಂದರು ಡಾಕ್ಟರು. ಒತ್ತಿದೆ. ನನ್ನ ಬೆರಳಿನ ಗುಳಿ ಹಾಗೇ ಉಳಿಯಿತು. ಹೃದಯದ ಬಲ ಕುಂದಿ ಶ್ವಾಸಕೋಶದಲ್ಲಿ ನೀರು ತುಂಬುತ್ತಿತ್ತು. ಅದೇ ದಿನ ಆಳಂದಕ್ಕೆ, ಅಲ್ಲಿಂದ ಕಲಬುರಗಿಗೆ ಕಳಿಸಿದೆವು. ಹಬ್ಬಕ್ಕೆ ಗೌಡ್ತಿ ಹೊಲಕ್ಕೆ ಹೋಗಲಿಲ್ಲ, ಆದರೆ ಶಿವರಾತ್ರಿಯ ಹೊತ್ತಿಗೆ ಕೇಂದ್ರದ ಕಟ್ಟೆಯ ಮೇಲೆ ಕೂತು ಮತ್ತೆ ಮೀಸೆಯ ವಾದ ಹೂಡಿದ್ದರು.

"ನಿಮಗ ಹ್ಯಾಂಗ ಗೊತ್ತಾತು ಸರ್?" ಎಂದು ಆ ದಿನ ಕೇಳಿದ್ದೆ.

"ಆರಾಮ ಅನ್ನೂದು ನಮ್ಮ ಮಂದೀದು ಮರ್ಯಾದಿ, ತಂಗಿ. ಮನಿಗಿ ಬಂದವರಿಗಿ ನೀರು ಕೊಟ್ಟಂಗ. ಅಷ್ಟಕ್ಕ ತಬ್ಯೇತ್ ಛಲೋ ಅದ ಅಂತ ತಿಳಕೋಬ್ಯಾಡ. ಬೇಮಾರಿ ಕೇಳಿದ್ರ ಮುಚ್ಚಿಡ್ತಾರ, ಅಡಗಿ ಕೇಳಿದ್ರ ಬಾಯಿ ಬಿಡ್ತಾರ. ನಿನ್ನ ನೆಟ್ಟಿನ್ಯಾಗ ಮುಖ ಬರ್ತದ, ಹೋಗ್ತದ. ದನಿ ಹಿಡಕೋ. ಎಲ್ಲಿ ಉಸಿರು ಕಡೀತದ ನೋಡು."

ಅಂದಿನಿಂದ ನಾನೂ ಹಾಗೆಯೇ ಕಲಿತೆ. ಹೆಂಗಸರಿಗೆ ಭಜ್ಜಿ, ಗಂಡಸರಿಗೆ ತಮ್ಮ ಹೊಲದ ದಾರಿ. ಯಾರ ಬದು ದಾಟಿ, ಯಾವ ಹಳ್ಳ ಇಳಿದು ಹತ್ತಿ ಹೋಗುತ್ತಾರೆ, ಎಲ್ಲೆಲ್ಲಿ ಕೂತು ದಣಿವಾರಿಸಿಕೊಳ್ಳುತ್ತಾರೆ ಎಂಬುದನ್ನು ಅವರೇ ಹೇಳಿಕೊಳ್ಳುತ್ತಿದ್ದರು. ಯಾರೋ ಫೋನಿಗೆ ಕಳಿಸಿದ ಮನೆಮದ್ದಿನ ಮೆಸೇಜನ್ನು ನಂಬಿ ಸಕ್ಕರೆ ಗುಳಿಗೆ ಬಿಟ್ಟವರನ್ನು ಮಾತ್ರ ಡಾಕ್ಟರು ಬಿಡುತ್ತಿರಲಿಲ್ಲ. "ಅದನ್ನ ಕಳಿಸಿದವ ತಾ ತಿಂದಾನೇನು? ಮೊದಲ ಅವಗ ತಿನಸು, ಆಮ್ಯಾಲ ನೀ ತಿನ್ನು, ಅಲ್ಲೀತನಕ ಗುಳಗಿ ನುಂಗು" ಎಂದು ನಡುವೆ ಉಸಿರೇ ತೆಗೆದುಕೊಳ್ಳದೆ ಬೈಯುತ್ತಿದ್ದರು. ಬೈಸಿಕೊಂಡವರು ನಗುತ್ತ ಹೋಗುತ್ತಿದ್ದರು.

ಅವರದು ಇನ್ನೊಂದು ರೂಢಿ. ಎಲ್ಲ ರೋಗಿಗಳೂ ಹೋದ ಮೇಲೆ, "ಕಡೀ ಪೇಷಂಟ್ ಬಂದಾಳೇನು?" ಎಂದು ಕೇಳುತ್ತಿದ್ದರು. ಕಡೆಯ ರೋಗಿ ಎಂದರೆ ನಾನು. "ಆರಾಮ ಅದೇನಿ ಸರ್" ಎಂದರೆ, "ಅದು ಬ್ಯಾಡ, ಖರೇ ಹೇಳು" ಎಂಬುದು ಅವರ ಮಾತು. ಬಸ್ಸು ತಪ್ಪಿದ್ದು, ಅವ್ವನ ಮಂಡಿನೋವು, ನನ್ನ ತಲೆಶೂಲೆ ಎಲ್ಲವನ್ನೂ ಹೇಳುತ್ತಿದ್ದೆ. ಒಂದು ದಿನ ಹೇಗೋ ಅಪ್ಪನ ಮಾತು ಬಂತು. ಹೇಳಿ ಮುಗಿಸುವಾಗ ಪರದೆಯ ಮೇಲಿನ ಹಣೆ ಅಲ್ಲಾಡಲಿಲ್ಲ. ನೆಟ್ ನಿಂತಿತೆಂದು ತಿಳಿದು ಟ್ಯಾಬ್ ಅಲುಗಿಸಿದೆ. "ಇಲ್ಲೇ ಅದೇನಿ. ಕೇಳಾಕತ್ತೇನಿ. ಹೇಳು" ಎಂಬ ದನಿ ಬಂತು. ಅಪ್ಪ ಹೋದ ಮೇಲೆ ನನ್ನನ್ನು ಹಾಗೆ ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ. ಅಂದು ಮನೆಗೆ ಹೋಗುವಾಗ ಎದೆ ಹಗುರವಾಗಿತ್ತು.

ಹೋದ ಮಳೆಗಾಲದ ಒಂದು ಮಧ್ಯಾಹ್ನ ಚಿತ್ರ ಹೋಗಿ ದನಿ ಮಾತ್ರ ಬರುತ್ತಿತ್ತು. ಗುಳಿಗೆ ಬಿಟ್ಟ ಮುದುಕರೊಬ್ಬರಿಗೆ ಡಾಕ್ಟರು ಎಂದಿನಂತೆ ಬೈಯತೊಡಗಿದರು. "ಅದನ್ನ ಕಳಿಸಿದವ..." ಎಂದು ನಿಂತರು. "ತಾ ತಿಂದಾನೇನು..." ಮತ್ತೆ ನಿಂತರು. ಮುದುಕರು ನಕ್ಕು ಎದ್ದು ಹೋದರು. ನನಗೆ ನಗು ಬರಲಿಲ್ಲ.

"ಕಡೀ ಪೇಷಂಟ್ ಬಂದಾಳೇನು?"

"ಇವತ್ತ ಕಡೀ ಪೇಷಂಟ್ ನೀವು, ಸರ್. ಹ್ಯಾಂಗದೀರಿ?"

"ಆರಾಮ ಅದೇನವ್ವ."

ಅಪ್ಪನದೇ ಮಾತು, ಅದೇ ರಾಗ. "ಹಂಗಾದ್ರ ಭಜ್ಜಿಗಿ ಏನೇನ ಹಾಕ್ತಾರ ಹೇಳ್ರಿ" ಎಂದೆ.

"ನನ್ನ ಬಾಣ ನನಗ ಬಿಡ್ತಿ ಏನಬೇ?" ಎಂದರು.

"ಹೇಳ್ರಿ ಸರ್. ಒಂದೂ ಬಿಡದಂಗ."

"ಹಸಿ ಕಡ್ಲಿ... ತೊಗರಿ..." ಅಷ್ಟೇ. ಉಸಿರು ಎಳೆದುಕೊಳ್ಳುವುದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿತು.

"ಸಾಕು ಸರ್. ಬಾಜೂ ಕೋಣ್ಯಾಗಿನವರನ್ನ ಕರೀರಿ. ಈಗಿಂದೀಗ ದವಾಖಾನಿಗಿ ಹೋಗ್ರಿ."

"ನಾಳಿ ತೋರಸ್ತೇನಿ, ತಂಗಿ."

"ಗೌಡ್ತಿಯವರಿಗಿ ನಾಳಿ ಅಂದಿದ್ರೇನು ನೀವು?" ನಾನು ಅಳುತ್ತಿದ್ದೆ, ಬೈಯುತ್ತಲೂ ಇದ್ದೆ. ನನಗಿಂತ ಹಿರಿಯರೊಬ್ಬರಿಗೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಕುರ್ಚಿ ಸರಿದ ಸದ್ದಾಯಿತು. ಅವರು ಯಾರನ್ನೋ ಕೂಗಿದರು. ಲೈನ್ ಕಟ್ಟಾಯಿತು.

ಹೃದಯದ ರಕ್ತನಾಳ ಕಟ್ಟಿಕೊಂಡಿತ್ತಂತೆ. ಸಂಜೆಯೊಳಗೆ ಅದನ್ನು ಬಿಡಿಸಿದರು. ಅದಕ್ಕೂ ಎರಡು ದಿನ ಮೊದಲಿನಿಂದಲೇ ದಮ್ಮು ಹತ್ತುತ್ತಿತ್ತಂತೆ, ಮನೆಯವರಿಗೆ ಆರಾಮ ಎನ್ನುತ್ತಲೇ ಬಂದಿದ್ದರಂತೆ. ಅವರು ಗುಣವಾಗುವವರೆಗೆ ಬೇರೊಬ್ಬ ಡಾಕ್ಟರು ಬಂದರು. ಒಳ್ಳೆಯವರೇ, ಮುಖ ಪೂರ್ತಿ ಕಾಣುತ್ತಿತ್ತು. ಆದರೂ ಗೌಡ್ತಿ ದಿನಾ ಬಾಗಿಲಲ್ಲಿ ನಿಂತು, "ಹಣಿ ಸಾಹೇಬ್ರು ಬಂದ್ರೇನವ್ವ?" ಎಂದು ಕೇಳಿಯೇ ಹೋಗುತ್ತಿದ್ದರು.

ಈ ಸಲದ ಎಳ್ಳ ಅಮಾವಾಸ್ಯೆಗೆ ಅವರು ಮಟಕಿಗೇ ಬಂದರು, ಗೌಡ್ತಿಯ ಕರೆಯ ಮೇಲೆ. ಕಾರನ್ನು ಊರ ಅಂಚಿನಲ್ಲೇ ಬಿಟ್ಟರು. ಟ್ರ್ಯಾಕ್ಟರ್ ಸಿದ್ಧವಿತ್ತು, ಹತ್ತಲಿಲ್ಲ. ಗೌಡ್ತಿಯೂ ಹತ್ತಲಿಲ್ಲ. ಇಬ್ಬರೂ ಜೋಳದ ಹೊಲಗಳ ನಡುವಿನ ದಾರಿಯಲ್ಲಿ ಮಾತಾಡುತ್ತ ನಿಧಾನಕ್ಕೆ ನಡೆದರು. ನಾನು ಹಿಂದಿನಿಂದ ಅವರ ಉಸಿರನ್ನೇ ಕೇಳುತ್ತ ನಡೆದೆ. ಮನುಷ್ಯ ನಾನೆಣಿಸಿದ್ದಕ್ಕಿಂತ ಕುಳ್ಳು. ಮೀಸೆ ಇರಲೇ ಇಲ್ಲ. "ಇಷ್ಟು ದಿನ ಮೋಸ ಮಾಡಿದ್ರಿ ನೋಡ್ರಿ" ಎಂದು ಗೌಡ್ತಿ ದಾರಿಯುದ್ದಕ್ಕೂ ಗೊಣಗಿದರು.

ಚರಗ ಚೆಲ್ಲಿ ಬೇವಿನ ಗಿಡದ ಕೆಳಗೆ ಊಟಕ್ಕೆ ಕೂತೆವು. ಭಜ್ಜಿ ಬಡಿಸಿದ್ದಾಯಿತು. ನಾನು ಎಲ್ಲರ ಮುಂದೆಯೇ ಕೇಳಿದೆ: "ಹ್ಯಾಂಗದೀರಿ ಸರ್?"

ಅವರು ರೊಟ್ಟಿ ಕೆಳಗಿಟ್ಟರು. ನೆಟ್ಟಗೆ ಕೂತು ಶುರುಮಾಡಿದರು. "ಹಸಿ ಕಡ್ಲಿ, ಹಸಿ ತೊಗರಿ, ಅವರಿಕಾಳು, ಮೆಂತೆ ಪಲ್ಯ, ಗಜ್ಜರಿ, ಬದನಿಕಾಯಿ, ಉಳ್ಳಾಗಡ್ಡಿ ತಪ್ಪಲ, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ, ಕಡ್ಲಿ ಹಿಟ್ಟು!" ಒಂದೇ ಉಸಿರು. ಎಲ್ಲೂ ಕಡಿಯಲಿಲ್ಲ. ಸುತ್ತ ಕೂತವರೆಲ್ಲ ಕೈಯಲ್ಲಿ ತುತ್ತು ಹಿಡಿದು ಕೇಳುತ್ತಿದ್ದರು.

"ಹುಣಸಿಹಣ್ಣು ಬಿಟ್ರಿ" ಎಂದರು ಗೌಡ್ತಿ.

ಎಲ್ಲರೂ ನಕ್ಕರು. ಅಪ್ಪನಿಗೆ ಕೇಳಲಾಗದ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳುವ ದಾರಿ ಕೊಟ್ಟವರು ಇವರು. ಈ ಋಣ ತೀರಿಸುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ. ನಗು ನಿಂತ ಮೇಲೆ ಅವರು ನನ್ನ ಕಡೆ ತಿರುಗಿದರು.

"ಈಗ ಕಡೀ ಪೇಷಂಟ್. ನಿಂದು ಹೇಳು, ತಂಗಿ."

"ಆರಾಮ ಅದೇನಿ ಸರ್" ಎಂದೆ.

"ಖರೇ ಹೇಳು" ಎನ್ನುತ್ತಾರೆಂದು ಕಾದೆ. ಅವರು ನನ್ನ ಮುಖ ನೋಡಿದರು, ತಲೆಯಾಡಿಸಿ ರೊಟ್ಟಿ ಮುರಿದರು. ಅಂದು ಅದು ನಿಜವಾಗಿತ್ತು.