ಹಮ್ದಾನ್ ಸ್ಟ್ರೀಟಿನ ಅಂಗಡಿಯಲ್ಲೊಂದು ಮಾತುಕತೆ

ನಾನು ಎರಡನೇ ಕ್ಲಾಸಿನವರೆಗೆ ಓದಿದವಳು. ಬೀಡಿ ಕಟ್ಟುತ್ತ ಕಟ್ಟುತ್ತ ಬೀಡಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದೆ. ಒಮ್ಮೆ ತಾಲೂಕು ಪಂಚಾಯತಿಗೂ ಗೆದ್ದೆ, ಮುಂದಿನ ಸಲ ಸೋತೆ. ಹೆರಿಗೆಯಾದ ಹೆಂಗಸರಿಗೆ ಸವಲತ್ತು ಕೊಡಿ ಎಂದು ತಾಲೂಕು ಕಚೇರಿಯ ಮುಂದೆ ಬಿಸಿಲಲ್ಲಿ ಕೂತದ್ದಕ್ಕೆ ಲೆಕ್ಕವಿಲ್ಲ.

ಮಗಳ ಬಾಣಂತನಕ್ಕೆ ಅಬುಧಾಬಿಗೆ ಹೋದರೆ ಅಲ್ಲಿಯೂ ಅದೇ ಕತೆ. ಅವಳಿಗೆ ಹಮ್ದಾನ್ ಸ್ಟ್ರೀಟಿನ ಬಟ್ಟೆಯಂಗಡಿಯಲ್ಲಿ ಕೆಲಸ. ಅಂಗಡಿ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ. ಅಳಿಯ ಮಧ್ಯಾಹ್ನದ ಮೇಲೆ ಡ್ಯೂಟಿಗೆ ಹೋಗುವವನು. ಬೆಳಿಗ್ಗೆ ಮಗುವನ್ನು ಅವನು ನೋಡಿಕೊಂಡಾನು, ಸಂಜೆಗೆ ಯಾರು? ಮಗಳ ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ನನ್ನ ಜೊತೆ ಊರಿಗೆ ಕಳಿಸುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ಮೊಮ್ಮಗಳೆಂದರೆ ನನಗೆ ಪ್ರಾಣ. ಆದರೆ ಎದೆಹಾಲು ಬಿಡಿಸಿ ಕೊಂಡೊಯ್ಯಲು ಮನಸ್ಸು ಬರಲಿಲ್ಲ.

"ಬೆಳಗ್ಗಿನ ಡ್ಯೂಟಿ ಮಾತ್ರ ಕೊಡಿ ಅಂತ ಧಣಿಯ ಹತ್ರ ಕೇಳುವ" ಎಂದೆ.

"ಅಮ್ಮಾ, ಇಲ್ಲಿ ನಿನ್ನ ಜಿಂದಾಬಾದ್ ಎಲ್ಲ ಮಾಫಿ, ನಡೆಯುದಿಲ್ಲ. ಬಾಯಿ ಮುಚ್ಚಿ ಕೂತ್ಕೊಳ್ಳುದಾದ್ರೆ ಬಾ."

ಒಪ್ಪಿದೆ. ಮಗುವನ್ನೂ ಎತ್ತಿಕೊಂಡು ಅಂಗಡಿಗೆ ಹೋದೆವು. ಧಣಿ ನಮ್ಮ ಕಡೆಯ ಬ್ಯಾರಿ ಮುಸಲ್ಮಾನರು. ಮಗುವಿನ ಕೆನ್ನೆ ಮುಟ್ಟಿ ಚಹಾ ತರಿಸಿದರು. ಮಗಳು ವಿಷಯ ಹೇಳಿದಳು. ಗಿರಾಕಿಗಳು ಬರುವುದೇ ಸಂಜೆ ಎಂದರು ಅವರು. ನಾನು ಬಾಯಿ ಬಿಡಲಿಲ್ಲ, ಗ್ಲಾಸನ್ನೂ ಮುಟ್ಟಲಿಲ್ಲ. ಮಾತುಕತೆ ಮುಗಿಯುವ ಮೊದಲು ಧಣಿಯ ಚಹಾ ಕುಡಿಯಬಾರದೆಂಬುದು ನಮ್ಮ ಸಂಘದ ಕಟ್ಟುಪಾಡು. ಕೈ ಮುಂದೆ ಹೋಗಲೇ ಇಲ್ಲ. ಮಗಳು ಮೊಣಕೈಯಿಂದ ತಿವಿದಳು.

"ಯಾಕೆ ಅಕ್ಕಾ, ನಮ್ಮ ಚಹಾ ಆಗುದಿಲ್ವಾ?" ಧಣಿಯ ಮುಖ ಸಣ್ಣದಾಯಿತು. ಜಾತಿ ನೋಡಿ ಬಿಟ್ಟೆನೆಂದು ಎಣಿಸಿದರೋ ಎಂದು ನನಗೆ ಕಸಿವಿಸಿ.

"ಅಯ್ಯೋ, ಹಾಗಲ್ಲ ಸಾಹುಕಾರ್ರೆ. ನಾನು ಬೀಡಿ ಯೂನಿಯನಿನವಳು. ಮಾತು ಮುಗಿದ ಮೇಲೆಯೇ ನಾವು ಕುಡಿಯುದು."

ಮಗಳು ಕಣ್ಣು ಮುಚ್ಚಿಕೊಂಡಳು. ಧಣಿ ಹೊಟ್ಟೆ ಕುಣಿಸಿ ನಕ್ಕರು.

"ನಮ್ಮ ಉಮ್ಮನೂ ಬೀಡಿ ಕಟ್ಟಿಯೇ ನಮ್ಮನ್ನು ಸಾಕಿದ್ದು. ನಿಮ್ಮಂಥವರ ಹತ್ರ ಚರ್ಚೆ ಮಾಡಿ ಗೆಲ್ಲುದುಂಟಾ? ಶುಕ್ರವಾರ ರಶ್ಶು, ಅವತ್ತು ಸಂಜೆ ಬರ್ಲಿ. ಬಾಕಿ ದಿನ ಬೆಳಿಗ್ಗೆ ಮಾತ್ರ. ಆಗ್ತದಾ?"

ಶುಕ್ರವಾರ ಅಳಿಯನಿಗೆ ರಜೆ. "ಆಗ್ತದೆ" ಎಂದೆ, ಮಗಳಿಗಿಂತ ಮೊದಲು.

"ಖಲಾಸ್, ಮಾತು ಮುಗೀತು. ಆ ಚಹಾ ತಣಿದಿದೆ, ಬಿಡಿ. ಬಿಸಿ ತರಿಸ್ತೇನೆ."

ಹೊರಗೆ ಬಂದದ್ದೇ ಮಗಳು ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು ಎದೆಗೊತ್ತಿಕೊಂಡಳು. ಮನೆ ಮುಟ್ಟುವವರೆಗೂ ವಾಪಸು ಕೊಡಲಿಲ್ಲ. ವೀಸಾ ಮುಗಿದಾಗ ನಾನು ಬರಿಗೈಯಲ್ಲಿ ವಿಮಾನ ಹತ್ತಿದೆ. ಬರಿಗೈಯಲ್ಲಿ ಅಷ್ಟು ಖುಷಿಯಿಂದ ನಾನು ಎಲ್ಲಿಂದಲೂ ಹಿಂದೆ ಬಂದದ್ದಿಲ್ಲ.