ಹಳೇ ದಾಖಲೆಯಲ್ಲಿ ನಮ್ಮ ಹಲಸಿನ ಮರ

ತುಮಕೂರಿನ ಸರ್ಕಾರಿ ಹಣ್ಣಿನ ಸಂಶೋಧನಾ ತೋಟದಲ್ಲಿ, ರುಚಿ ನೋಡಲು ಕೊಟ್ಟ ಕೆಂಪು ಹಲಸಿನ ತೊಳೆ ಬಾಯಿಗಿಟ್ಟ ನಮ್ಮತ್ತೆ ನಿಂತಲ್ಲೇ ನಿಂತುಬಿಟ್ಟರು.

"ಇದು ನಮ್ ಹಿತ್ಲು ಮರದ ಹಣ್ಣು ಕಣೇ."

ನಾನು ನಕ್ಕೆ. ಕಡಬದ ನಮ್ಮ ಮನೆಯ ಆ ಮರ ಗಾಳಿಗೆ ಬಿದ್ದು ಎಂಟು ವರ್ಷವಾಗಿತ್ತು. ಆದರೆ ಅಲ್ಲಿನ ಅಧಿಕಾರಿ ನಗಲಿಲ್ಲ. ಒಳಗಿನಿಂದ ಹಳೇ ದಾಖಲೆ ಪುಸ್ತಕ ತಂದು ಹುಡುಕಿದರು.

"ಸರಿಯಾಗೇ ಹೇಳಿದ್ರಿ ಅಮ್ಮ. ತಾಯಿಮರ ಕಡಬದ್ದು, ತಿಮ್ಮಯ್ಯನವರ ಹಿತ್ತಲು ಅಂತ ಬರೆದವ್ರೆ."

ತಿಮ್ಮಯ್ಯ ನಮ್ಮ ಮಾವ. ತಾನು ಮದುವೆಯಾಗಿ ಬಂದ ವರ್ಷ ಸರ್ಕಾರದವರು ಕಸಿಗೆಂದು ಕಡ್ಡಿ ಕತ್ತರಿಸಿಕೊಂಡು ಹೋಗಿದ್ದನ್ನು ಅತ್ತೆ ಆಗ ನೆನಪಿಸಿಕೊಂಡರು. ಅದೇ ತಳಿಯ ಸಸಿಯೊಂದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ನೆಟ್ಟರು.

ಇದು 2002ರ ಮಾತು. ಐದು ವರ್ಷಕ್ಕೆ ಮೊದಲ ಹಣ್ಣು ಬಿಟ್ಟಾಗ, ನಮಗೊಂದು ತೊಳೆಯನ್ನೂ ಕೊಡದೆ, ಅತ್ತೆ ಅದನ್ನು ಇಡಿಯಾಗಿ ಆ ಅಧಿಕಾರಿಗೆ ಕೊಟ್ಟು ಬಂದರು.